ನಗೆನಾಟಕದ ಕಲಾವಿದರ ಪರಿಚಯ ಬರೆಯುವ ಬಗೆ

ಮೊದಲನೇ ಬೆಲ್ ಆಗಿ ಮೂರನೇ ಬೆಲ್ ಆಗುವವರೆಗೆ ಪ್ರೇಕ್ಷಕರಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ. ಬಾಗಿಲಲ್ಲಿ ಕೈಗಿತ್ತ ಕರಪತ್ರವನ್ನು ಒಂದು ಸಲವಾದರೂ ತಿರುವಿ ನೋಡುತ್ತಾರೆ. ಅದರಲ್ಲಿ ಕಲಾವಿದರ ಪರಿಚಯದ ಪುಟವನ್ನು ಓದುವವರು ಎರಡು ಬಗೆಯವರು. ತಮ್ಮ ಮಗನದೋ ಅತ್ತಿಗೆಯದೋ ಸಹೋದ್ಯೋಗಿಯದೋ ಹೆಸರು ಸರಿಯಾಗಿ ಅಚ್ಚಾಗಿದೆಯೇ ಎಂದು ಹುಡುಕುವವರು ಒಂದು ಬಗೆ. ವೇದಿಕೆಯ ಮೇಲೆ ಬರುವ ಯಾರನ್ನೂ ಅರಿಯದೆ, ನಗೆನಾಟಕವೆಂಬ ಒಂದೇ ಕಾರಣಕ್ಕೆ ಟಿಕೆಟ್ ಕೊಂಡು ಬಂದವರು ಇನ್ನೊಂದು ಬಗೆ. ಮೊದಲನೆಯವರಿಗೆ ಹೆಸರಿದ್ದರೆ ಸಾಕು. ಪರಿಚಯವನ್ನು ಬರೆಯಬೇಕಾದದ್ದು ಎರಡನೆಯವರಿಗಾಗಿ.

ಹವ್ಯಾಸಿ ತಂಡಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಪ್ರದರ್ಶನಕ್ಕೆ ನಾಲ್ಕು ದಿನ ಉಳಿದಿರುವಾಗ, ಮುದ್ರಣಾಲಯದವರು ಮ್ಯಾಟರ್ ಎಲ್ಲಿ ಎಂದು ಕೇಳಿದ ಮೇಲೆ, ಕನ್ನಡ ತಕ್ಕಮಟ್ಟಿಗೆ ಬರೆಯಬಲ್ಲವರ ತಲೆಗೆ ಬಂದು ಬೀಳುತ್ತದೆ. ಹಾಗೆ ಬಿದ್ದವರಲ್ಲಿ ನಾನೂ ಒಬ್ಬ. ಹತ್ತಾರು ನಾಟಕಗಳ ಪರಿಚಯಪತ್ರಗಳನ್ನು ಬರೆದು, ಅವುಗಳಲ್ಲಿ ಕೆಲವನ್ನು ಕೆಡಿಸಿಯೂ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಗಂಭೀರ ನಾಟಕದ ಪರಿಚಯಕ್ಕೂ ನಗೆನಾಟಕದ ಪರಿಚಯಕ್ಕೂ ಒಂದು ಮುಖ್ಯವಾದ ಅಂತರವಿದೆ. ದುರಂತ ನಾಟಕದಲ್ಲಿ ನಟ ತನ್ನ ಊರು, ಮನೆಮಾತು, ಕಸುಬುಗಳನ್ನೆಲ್ಲ ಪಾತ್ರದ ಹಿಂದೆ ಬಹುಮಟ್ಟಿಗೆ ಮರೆಸಬಲ್ಲ. ನಗಿಸುವವನಿಗೆ ಅದು ಸಾಧ್ಯವಾಗುವುದಿಲ್ಲ, ಏಕೆಂದರೆ ಒಂದು ಮಾತನ್ನು ಎಲ್ಲಿ ತಡೆದು ಎಲ್ಲಿ ಬಿಡಬೇಕೆಂಬ ಅವನ ಲೆಕ್ಕಾಚಾರ ಬಂದಿರುವುದೇ ಅವನು ಬೆಳೆದ ಜಗುಲಿಯಿಂದ, ತಿರುಗಿದ ಮೇಳದಿಂದ, ಹಗಲು ಕುಳಿತುಕೊಳ್ಳುವ ಕಚೇರಿಯ ಕೌಂಟರಿನಿಂದ. ಆದ್ದರಿಂದ ಹಿನ್ನೆಲೆಯ ಯಾವ ಸಂಗತಿ ಈ ರಾತ್ರಿ ಈ ವೇದಿಕೆಯ ಮೇಲೆ ಹುಟ್ಟುವ ನಗುವಿಗೆ ಸಂಬಂಧಿಸಿದೆಯೋ ಅದಕ್ಕೆ ಜಾಗ ಕೊಡಬೇಕು. ಮಿಕ್ಕದ್ದು ಎಷ್ಟೇ ದೊಡ್ಡದಾಗಿದ್ದರೂ ಒಂದು ಸಾಲಿಗೆ ಇಳಿಯಬೇಕು ಅಥವಾ ಬಿಟ್ಟುಹೋಗಬೇಕು.

ವಿವರ ಕಲೆಹಾಕುವುದು

ತಂಡದ ವಾಟ್ಸಾಪ್ ಗುಂಪಿನಲ್ಲಿ 'ಎಲ್ಲರೂ ನಿಮ್ಮ ನಿಮ್ಮ ಪರಿಚಯ ಕಳಿಸಿ' ಎಂದು ಹಾಕಿದರೆ ಮೂರು ಬಗೆಯ ಉತ್ತರಗಳು ಬರುತ್ತವೆ. ಕೆಲವರು ಎರಡು ಪುಟ ಕಳಿಸುತ್ತಾರೆ, ಕೆಲವರು 'ನೀವೇ ಏನಾದರೂ ಬರೆದುಬಿಡಿ ಸರ್' ಎನ್ನುತ್ತಾರೆ, ಹಿರಿಯರು ಉತ್ತರವನ್ನೇ ಕೊಡುವುದಿಲ್ಲ. ಎರಡು ಪುಟ ಕಳಿಸಿದವರದೇ ನಮಗೆ ಹೆಚ್ಚು ತೊಂದರೆ, ಏಕೆಂದರೆ ಅದು ಬೇರೆ ಯಾವುದೋ ಸನ್ಮಾನ ಸಮಾರಂಭಕ್ಕೆ ಬರೆದಿಟ್ಟುಕೊಂಡದ್ದಾಗಿರುತ್ತದೆ. ಆದ್ದರಿಂದ ತಾಲೀಮು ಆರಂಭವಾದ ಎರಡನೆಯ ವಾರದಲ್ಲೇ ಒಂದು ನೋಟುಪುಸ್ತಕ ಹಿಡಿದುಕೊಂಡು ಹೋಗಿ, ಚಹಾ ವಿರಾಮದಲ್ಲಿ ದಿನಕ್ಕೆ ಇಬ್ಬರನ್ನು ಮಾತನಾಡಿಸುವುದು ಉತ್ತಮ. ಒಬ್ಬೊಬ್ಬರಿಗೆ ಕಾಲು ಗಂಟೆ ಸಾಕು. ಎಂಟು ಜನರ ತಂಡವಾದರೆ ನಾಲ್ಕು ಸಂಜೆಗಳಲ್ಲಿ ಕೆಲಸ ಮುಗಿಯುತ್ತದೆ. ಮಾತನಾಡಿಸುವುದಕ್ಕೆ ಮೊದಲು ಅವರ ದೃಶ್ಯವೊಂದನ್ನಾದರೂ ಕುಳಿತು ನೋಡಿರಬೇಕು. ಯಾವ ಜಾಗದಲ್ಲಿ ತಂಡದವರೇ ನಗುತ್ತಾರೆ ಎಂಬುದನ್ನು ಗುರುತು ಹಾಕಿಕೊಂಡರೆ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ.

'ನಿಮ್ಮ ರಂಗಾನುಭವ ಹೇಳಿ' ಎಂದು ಕೇಳಿದರೆ ನಟರು ಪಟ್ಟಿ ಒಪ್ಪಿಸುತ್ತಾರೆ. ಅದಕ್ಕಿಂತ, ನೀವು ಮೊದಲ ಬಾರಿಗೆ ಜನರನ್ನು ನಗಿಸಿದ್ದು ಎಲ್ಲಿ, ಅದು ನಗಿಸಬೇಕೆಂದೇ ಮಾಡಿದ್ದೋ ಅಥವಾ ತಪ್ಪಿ ಆದದ್ದೋ ಎಂದು ಕೇಳಿದರೆ ಮಾತು ಬೇರೆಯ ಕಡೆಗೆ ಹೊರಳುತ್ತದೆ. ಈ ಪಾತ್ರದ ನಡಿಗೆಯನ್ನು ಯಾರಿಂದ ತಂದಿರಿ ಎಂಬುದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಪ್ರಶ್ನೆ; ಹೆಚ್ಚಿನವರು ಒಬ್ಬ ಸೋದರಮಾವನನ್ನೋ, ಹೈಸ್ಕೂಲಿನ ಡ್ರಿಲ್ ಮಾಸ್ತರನ್ನೋ, ಬಸ್ಸಿನ ಕಂಡಕ್ಟರನ್ನೋ ನೆನೆದು ಅಲ್ಲೇ ಎದ್ದು ನಡೆದು ತೋರಿಸುತ್ತಾರೆ. ಹಾಡುಗಾರಿಕೆ, ತಬಲಾ, ಮೃದಂಗಗಳ ಅಭ್ಯಾಸವಿದೆಯೇ ಎಂದೂ ವಿಚಾರಿಸಬೇಕು. ಲಯ ಬಲ್ಲವರ ಸಂಭಾಷಣೆಗೂ ಬಲ್ಲದವರ ಸಂಭಾಷಣೆಗೂ ಇರುವ ಅಂತರ ಬೇರೆಲ್ಲ ಕಡೆಗಿಂತ ಹಾಸ್ಯದಲ್ಲಿ ಎದ್ದು ಕಾಣುತ್ತದೆ. ಹಗಲಿನ ಕೆಲಸ ಏನೆಂದು ಕೇಳುವುದನ್ನಂತೂ ಮರೆಯಲೇಬಾರದು. ಆದರೆ ಅದನ್ನು ಅಚ್ಚು ಹಾಕಬಹುದೇ ಎಂದೂ ಆಗಲೇ ಕೇಳಿಬಿಡಬೇಕು. ಸಂಜೆ ಆರಕ್ಕೆ ಕಚೇರಿಯಿಂದ ಸ್ವಲ್ಪ ಮುಂಚೆ ಜಾರಿಕೊಂಡು ತಾಲೀಮಿಗೆ ಬರುವವರಿಗೆ ಕಚೇರಿಯ ಹೆಸರು ಕರಪತ್ರದಲ್ಲಿ ಕಾಣುವುದು ಬೇಕಾಗಿರುವುದಿಲ್ಲ.

ಯಾವ ಹಿನ್ನೆಲೆ ಏನನ್ನು ಹೇಳುತ್ತದೆ

ಕನ್ನಡದ ನಗೆನಾಟಕವೊಂದರ ತಂಡದಲ್ಲಿ ಇಂದು ನಾಲ್ಕೈದು ಬೇರೆ ಬೇರೆ ದಾರಿಗಳಿಂದ ಬಂದವರು ಒಟ್ಟಿಗೆ ನಿಲ್ಲುತ್ತಾರೆ. ಪರಿಚಯ ಬರೆಯುವವರಿಗೆ ಈ ದಾರಿಗಳ ಗುರುತು ಇರಲೇಬೇಕು. ಇಲ್ಲದಿದ್ದರೆ ನಟರು ಹೇಳಿದ ಮಾತಿನಲ್ಲಿ ಯಾವುದು ಚಿನ್ನ ಎಂದು ತಿಳಿಯುವುದಿಲ್ಲ.

ವೃತ್ತಿ ಕಂಪನಿಗಳಿಂದ ಬಂದವರು ಈಗ ಕಡಿಮೆ, ಆದರೆ ತಂಡದಲ್ಲಿ ಒಬ್ಬರಿದ್ದರೂ ಅವರ ಪರಿಚಯಕ್ಕೆ ಹೆಚ್ಚು ಶ್ರದ್ಧೆ ಬೇಕು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯ ಕಾಲದಿಂದಲೂ ಕಂಪನಿ ನಾಟಕದಲ್ಲಿ ಹಾಸ್ಯಪಾತ್ರ ಪಕ್ಕವಾದ್ಯವಲ್ಲ. ಗುಬ್ಬಿ ವೀರಣ್ಣನವರು ಕಂಪನಿಯ ಮಾಲೀಕರಾಗಿದ್ದೂ 'ಸದಾರಮೆ'ಯಲ್ಲಿ ಜನರಿಗೆ ನೆನಪುಳಿದದ್ದು ಕಳ್ಳನ ಪಾತ್ರದಿಂದ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಆಯಾ ದಿನದ ರಾಜಕೀಯ ಸುದ್ದಿಯನ್ನು ಅಂದಿನ ಪ್ರಯೋಗದಲ್ಲೇ ಮಾತಾಗಿಸುತ್ತಿದ್ದರು. ಕಂಪನಿಯ ನಟರಿಗೆ ಬರೆದ ಮಾತಿನಿಂದ ಆಚೆ ಹೋಗಿ ಮತ್ತೆ ಅದೇ ಮಾತಿಗೆ ಮರಳುವ ದಾರಿ ಗೊತ್ತಿರುತ್ತದೆ. ನಗು ಇಳಿಯುವವರೆಗೆ ಮುಂದಿನ ಮಾತನ್ನು ಹಿಡಿದಿಟ್ಟುಕೊಳ್ಳುವ ಎದೆಗಾರಿಕೆಯೂ ಇರುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಯಂಥ ಕಡೆ, ಅಕ್ಕಪಕ್ಕದಲ್ಲೇ ಹಲವು ಕಂಪನಿಗಳ ಟೆಂಟುಗಳು ನಿಂತು ಒಂದೊಂದರ ಧ್ವನಿವರ್ಧಕವೂ ಜನರನ್ನು ಕರೆಯುತ್ತಿರುವಾಗ, ಒಳಗೆ ಕುಳಿತವರನ್ನು ಎದ್ದುಹೋಗದಂತೆ ಹಿಡಿದಿಡುವುದು ಏನೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಇಂಥವರನ್ನು ಮಾತನಾಡಿಸುವಾಗ ಯಾವ ಕಂಪನಿಯಲ್ಲಿ, ಯಾವ ವರ್ಷಗಳಲ್ಲಿ, ನಾಯಕ, ಖಳ, ಹಾಸ್ಯ ಇವುಗಳಲ್ಲಿ ಯಾವ ಪಾತ್ರಗಳಲ್ಲಿದ್ದರು ಎಂದು ಕೇಳಬೇಕು. ಜೊತೆಗೆ ಪರದೆ ಎಳೆಯುವುದು, ಗೇಟಿನಲ್ಲಿ ನಿಲ್ಲುವುದು, ಪ್ರಾಂಪ್ಟ್ ಮಾಡುವುದು (ಮರೆಯಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಡುವುದು) ಇವುಗಳಲ್ಲಿ ಏನೇನು ಮಾಡಿದ್ದರೆಂದೂ ಕೇಳಬಹುದು. ಪ್ರಾಂಪ್ಟರ್ ಆಗಿದ್ದವರಿಗೆ ಎಲ್ಲ ಪಾತ್ರಗಳ ಮಾತೂ ಬಾಯಿಪಾಠವಾಗಿರುತ್ತದೆ. ಅದನ್ನು ಪರಿಚಯದಲ್ಲಿ ಬರೆದರೆ, ಸಹನಟ ತಡವರಿಸಿದಾಗ ಅವರು ಹೇಗೆ ಎತ್ತಿಹಿಡಿಯುತ್ತಾರೆಂಬುದನ್ನು ಸೂಕ್ಷ್ಮ ಪ್ರೇಕ್ಷಕರು ಗಮನಿಸಿಯಾರು.

ಯಕ್ಷಗಾನದ ಕಡೆಯಿಂದ ಬಂದವರ ವಿಷಯದಲ್ಲಿ ಮೊದಲು ಬರೆದುಕೊಳ್ಳಬೇಕಾದದ್ದು ಅದರ ಎರಡು ಶೈಲಿಗಳಾದ ತೆಂಕುತಿಟ್ಟು, ಬಡಗುತಿಟ್ಟುಗಳಲ್ಲಿ ತೆಂಕೋ ಬಡಗೋ ಎಂಬುದು. 'ಯಕ್ಷಗಾನ ಕಲಾವಿದರು' ಎಂದಷ್ಟೇ ಬರೆದರೆ ಕರಾವಳಿಯ ಓದುಗರಿಗೆ ಏನನ್ನೂ ಹೇಳಿದಂತಾಗುವುದಿಲ್ಲ. ಮೇಳದಲ್ಲಿ ಹಾಸ್ಯಗಾರನದು ಪ್ರತ್ಯೇಕ ಸ್ಥಾನ. ದೂತನಿಂದ ಹಿಡಿದು ಮುದುಕಿಯವರೆಗೆ ಒಂದೇ ರಾತ್ರಿಯಲ್ಲಿ ಹಲವು ವೇಷ ಮಾಡುತ್ತ, ಪ್ರಸಂಗ ಭಾರವಾದಲ್ಲಿ ಹಗುರಗೊಳಿಸುತ್ತ ಹೋಗುವ ಆ ಅಭ್ಯಾಸ ನಾಟಕದಲ್ಲಿ ಎರಡು ಮೂರು ಸಣ್ಣ ಪಾತ್ರ ಮಾಡುವವರಿಗೆ ತುಂಬ ಒದಗುತ್ತದೆ. ಪೂರ್ವರಂಗದ ಕೋಡಂಗಿ ವೇಷದಿಂದ ಆರಂಭಿಸಿದವರಾದರೆ ಅದನ್ನು ಬರೆಯಲೇಬೇಕು. ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರಾದರೆ, ಬರವಣಿಗೆಯ ಆಸರೆಯಿಲ್ಲದೆ ಎದುರಿನವರ ಮಾತಿಗೆ ಮಾತು ಕೊಡುವ ಚುರುಕು ಅಲ್ಲಿಂದಲೇ ಬಂದದ್ದು. ಇಲ್ಲಿ ಒಂದು ಶಬ್ದದ ಬಗ್ಗೆ ಎಚ್ಚರ ಬೇಕು. ಮೇಳದವರು ತಮ್ಮ ಅನುಭವವನ್ನು ವರ್ಷಗಳಲ್ಲಿ ಎಣಿಸದೆ ತಿರುಗಾಟಗಳಲ್ಲಿ ಎಣಿಸುತ್ತಾರೆ. ದೀಪಾವಳಿಯ ನಂತರದ ದಿನಗಳಲ್ಲಿ ಹೊರಟು ಮೇ ತಿಂಗಳ ಪತ್ತನಾಜೆಯ (ತುಳುನಾಡಿನಲ್ಲಿ ಆಟಗಳ ಋತು ಮುಗಿಯುವ ದಿನದ) ಹೊತ್ತಿಗೆ ಗೆಜ್ಜೆ ಬಿಚ್ಚುವ ಒಂದು ಸುತ್ತು ಅವರಿಗೆ ಒಂದು ತಿರುಗಾಟ. ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ ಸಂಚಾರಿ ನಾಟಕ ತಂಡದ ಹೆಸರೂ ತಿರುಗಾಟವೇ. ನಟರೊಬ್ಬರು 'ನನ್ನದು ಮೂರು ತಿರುಗಾಟ' ಎಂದರೆ ಯಾವುದು ಎಂದು ಕೇಳದೆ ಬರೆದುಕೊಂಡರೆ, ಚೆಂಡೆಯ ಹಿನ್ನೆಲೆಯವರನ್ನು ನೀನಾಸಮ್ಮಿಗೂ ನೀನಾಸಮ್ಮಿನವರನ್ನು ಮೇಳಕ್ಕೂ ಸೇರಿಸಿದಂತಾಗುತ್ತದೆ.

ಉತ್ತರ ಕರ್ನಾಟಕದ ಜನಪದ ಆಟಗಳಾದ ಸಣ್ಣಾಟ, ದೊಡ್ಡಾಟ, ಶ್ರೀಕೃಷ್ಣ ಪಾರಿಜಾತಗಳಿಂದ ಬಂದವರಿಗೂ ಇದೇ ಮಾತು. ಪಾರಿಜಾತದಲ್ಲಿ ದೂತಿಗೂ ಭಾಗವತನಿಗೂ ನಡೆಯುವ ಸವಾಲು ಜವಾಬು ಮಾತನ್ನು ಹರಿತಗೊಳಿಸುವ ಒಂದು ಶಾಲೆಯೇ ಸರಿ. ದೂತಿಯ ಪಾತ್ರ ಮಾಡಿದವರೊಬ್ಬರು ನಾಟಕದಲ್ಲಿ ಮನೆಕೆಲಸದವಳ ಪಾತ್ರಕ್ಕೆ ಬಂದಿದ್ದರೆ ಬೇರೆ ಏನನ್ನು ಬಿಟ್ಟರೂ ಅದನ್ನು ಬಿಡಬಾರದು.

ರಂಗಶಾಲೆಗಳಲ್ಲಿ ಕಲಿತವರ ಪರಿಚಯದಲ್ಲಿ ತಪ್ಪುಗಳು ಹೆಚ್ಚು ನುಸುಳುತ್ತವೆ, ಏಕೆಂದರೆ ಸಂಸ್ಥೆಯ ಹೆಸರಿಗೆ ತೂಕವಿದೆ, ಎಲ್ಲರಿಗೂ ಆ ತೂಕ ಬೇಕು. 1949ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರವನ್ನು ತೆರೆದದ್ದು 1980ರಲ್ಲಿ. ಅಲ್ಲಿ ಒಂದು ವರ್ಷದ ಶಿಕ್ಷಣ ಪಡೆಯುವುದು ಬೇರೆ, ತಿರುಗಾಟದಲ್ಲಿ ನಟರಾಗಿರುವುದು ಬೇರೆ, ಕೆಲವೇ ದಿನಗಳ ಸಂಸ್ಕೃತಿ ಶಿಬಿರಕ್ಕೆ ಹೋಗಿಬರುವುದು ಬೇರೆ. ಬಿ.ವಿ. ಕಾರಂತರ ನಿರ್ದೇಶಕತ್ವದಲ್ಲಿ 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣಕ್ಕೆ ಈಗ ಶಿವಮೊಗ್ಗ, ಧಾರವಾಡ, ಕಲಬುರಗಿಗಳಲ್ಲೂ ಘಟಕಗಳಿರುವುದರಿಂದ ಊರನ್ನು ಹೇಳದೆ 'ರಂಗಾಯಣ' ಎಂದಷ್ಟೇ ಬರೆಯಬಾರದು. ಮಕ್ಕಳ ಬೇಸಿಗೆ ಶಿಬಿರವಾದ ಚಿಣ್ಣರ ಮೇಳಕ್ಕೆ ಹೋಗಿದ್ದವರು 'ರಂಗಾಯಣದ ಕಲಾವಿದ'ರಾಗುವುದಿಲ್ಲ. ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತವರನ್ನೂ ಅಲ್ಲಿನ ಸಂಚಾರಿ ತಂಡವಾದ ಶಿವಸಂಚಾರದಲ್ಲಿ ಊರೂರು ಸುತ್ತಿದವರನ್ನೂ ಇದೇ ರೀತಿ ಬೇರೆ ಬೇರೆಯಾಗಿ ನಮೂದಿಸಬೇಕು. ಒಮ್ಮೆ ನಾನು ಹತ್ತು ದಿನದ ಕಾರ್ಯಾಗಾರಕ್ಕೆ ಹೋಗಿಬಂದ ಹುಡುಗನೊಬ್ಬನನ್ನು ಒಂದು ರಂಗಶಾಲೆಯ ಪದವೀಧರನೆಂದು ಅಚ್ಚು ಹಾಕಿಸಿಬಿಟ್ಟಿದ್ದೆ. ಅದೇ ಶಾಲೆಯಲ್ಲಿ ಕಲಿತ ಇಬ್ಬರು ಅಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ನಾಟಕ ಮುಗಿದ ಮೇಲೆ 'ನೀವು ಯಾವ ಬ್ಯಾಚು?' ಎಂದು ಅವರು ಅವನನ್ನು ಪ್ರೀತಿಯಿಂದಲೇ ಕೇಳಿದರು. ತಪ್ಪು ನನ್ನದು, ತಲೆ ತಗ್ಗಿಸಬೇಕಾಗಿ ಬಂದದ್ದು ಅವನಿಗೆ.

ಹವ್ಯಾಸಿಗಳೇ ನಮ್ಮ ಹೆಚ್ಚಿನ ತಂಡಗಳ ಬೆನ್ನೆಲುಬು. ಬೆಂಗಳೂರಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ 1909ರಷ್ಟು ಹಿಂದಿನದು. ಅಂದಿನಿಂದ ಇಂದಿನವರೆಗೆ ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿ, ಕಾಲೇಜುಗಳ ಜನ ಸಂಜೆಯ ಹೊತ್ತು ಬಣ್ಣ ಹಚ್ಚಿಕೊಂಡು ಕನ್ನಡ ರಂಗಭೂಮಿಯನ್ನು ನಡೆಸಿಕೊಂಡು ಬಂದಿದ್ದಾರೆ. ಕನ್ನಡದ ಪ್ರಹಸನಕ್ಕೆ ಹೊಸ ಭಾಷೆಯನ್ನೇ ತಂದ ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಓದಿದ್ದು ಭೂವಿಜ್ಞಾನ. ಇಂಗ್ಲಿಷ್ ಬೆರೆತ ಮನೆಮಾತನ್ನು ಅವರು ವೇದಿಕೆಗೆ ತಂದದ್ದು ಕಿವಿಯಿಂದ. ಆದ್ದರಿಂದ ಹವ್ಯಾಸಿಗಳ ಪರಿಚಯದಲ್ಲಿ ಅವರ ಹಗಲಿನ ಕೆಲಸವನ್ನು ಮುಜುಗರದ ವಿಷಯವೆಂಬಂತೆ ಕೊನೆಗೆ ತಳ್ಳುವುದು ಸರಿಯಲ್ಲ. ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರರಾಗಿದ್ದವರು ವಕೀಲನ ಪಾತ್ರ ಮಾಡುತ್ತಿದ್ದರೆ, ಪ್ರಾಥಮಿಕ ಶಾಲೆಯ ಶಿಕ್ಷಕಿ ಸಿಡುಕಿನ ಅತ್ತೆಯಾಗಿದ್ದರೆ, ಆ ಉದ್ಯೋಗವೇ ಪರಿಚಯದ ಮೊದಲ ವಾಕ್ಯವಾಗಬಹುದು.

ಕಿರುತೆರೆ, ಸಿನಿಮಾಗಳ ಅನುಭವವನ್ನು ಏನು ಮಾಡಬೇಕೆಂಬುದು ಪ್ರತಿ ತಂಡದಲ್ಲೂ ಏಳುವ ಪ್ರಶ್ನೆ. ಟಿಕೆಟ್ ಮಾರುವವರಿಗೆ ಧಾರಾವಾಹಿಯ ಹೆಸರು ಮೇಲೆ ಬೇಕು, ನಿರ್ದೇಶಕರಿಗೆ ಅದು ಬೇಡವೇ ಬೇಡ. ನನ್ನ ಅಭಿಪ್ರಾಯದಲ್ಲಿ ಅದನ್ನು ಕೊನೆಯ ವಾಕ್ಯದಲ್ಲಿ ಹೇಳಿ ಮುಗಿಸಬೇಕು, ಮುಚ್ಚಿಡಬಾರದು. ಪ್ರೇಕ್ಷಕರು ಆ ಮುಖವನ್ನು ಹೇಗೂ ಗುರುತಿಸುತ್ತಾರೆ. ಎಲ್ಲಿ ನೋಡಿದ್ದೇವೆಂದು ನೆನಪಿಸಿಕೊಳ್ಳುತ್ತ ಮೊದಲ ದೃಶ್ಯವನ್ನೇ ಕಳೆದುಕೊಳ್ಳುವ ಬದಲು ಕರಪತ್ರದಲ್ಲೇ ಉತ್ತರ ಸಿಗಲಿ. ಆದರೆ ತೆರೆಯ ಮೇಲಿನ ಹೆಸರು ನಟರ ವ್ಯಾಪ್ತಿಯನ್ನು ಕುಗ್ಗಿಸಿಯೂ ತೋರಿಸಬಲ್ಲದು. ಉಮಾಶ್ರೀಯವರನ್ನು ಸಿನಿಮಾದ ಹಾಸ್ಯಪಾತ್ರಗಳಿಂದ ಮಾತ್ರ ಬಲ್ಲವರಿಗೆ, 'ಒಡಲಾಳ'ದ ಸಾಕವ್ವನಾಗಿ ಅವರು ರಂಗದ ಮೇಲೆ ಏನು ಮಾಡಿದ್ದರೆಂಬುದು ಹೇಳಿದಾಗಲೇ ತಿಳಿಯುತ್ತದೆ. ಇದಕ್ಕೆ ತಿರುವಾದ ಉದಾಹರಣೆಯೂ ಉಂಟು: ಕಲಾಗಂಗೋತ್ರಿ ತಂಡದ 'ಮುಖ್ಯಮಂತ್ರಿ' ನಾಟಕದ ಪಾತ್ರ ಚಂದ್ರು ಅವರ ಹೆಸರಿಗೇ ಅಂಟಿಕೊಂಡು, ಸಿನಿಮಾ, ರಾಜಕೀಯಗಳಿಗೂ ಅವರ ಜೊತೆಯಲ್ಲೇ ಹೋಯಿತು. ಅಂಥ ನಟರ ಪರಿಚಯದಲ್ಲಿ ನಾಟಕವನ್ನು ಹೇಳದೆ ಹೆಸರನ್ನೂ ಬರೆಯಲಾಗುವುದಿಲ್ಲ.

ದಾರಿಗಳು ಹೀಗೆ ಬೇರೆ ಬೇರೆಯೆಂದು ಹೇಳಿದೆನಾದರೂ ಒಬ್ಬರೇ ಎರಡು ಮೂರು ದಾರಿ ತುಳಿದಿರುವುದು ಸಾಮಾನ್ಯ. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಅಲ್ಲಿಂದ ಕಾಶಿಗೆ ಹೋಗಿ ಹಿಂದಿಯನ್ನೂ ಹಿಂದೂಸ್ತಾನಿ ಸಂಗೀತವನ್ನೂ ಕಲಿತು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಬಂದವರು. ಅವರನ್ನು ಕುರಿತು 'ರಾಷ್ಟ್ರೀಯ ನಾಟಕ ಶಾಲೆಯ ಪದವೀಧರ' ಎಂದಷ್ಟೇ ಬರೆದರೆ ಸುಳ್ಳೇನೂ ಆಗುವುದಿಲ್ಲ, ಆದರೆ ಅವರ ನಾಟಕಗಳೇಕೆ ಹಾಡುತ್ತಿದ್ದವು ಎಂಬುದಕ್ಕೆ ಅದರಲ್ಲಿ ಉತ್ತರವಿರುವುದಿಲ್ಲ. ಗುಬ್ಬಿ ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀಯವರೂ ಅದೇ ಶಾಲೆಯಲ್ಲಿ ಕಲಿತವರು. ಅವರ ಕಂಠದಲ್ಲಿ ಕಂಪನಿ ಎಷ್ಟು, ಶಾಲೆ ಎಷ್ಟು ಎಂದು ಬಿಡಿಸಿ ಹೇಳಲು ಯಾರಿಂದ ಸಾಧ್ಯ? ಎರಡೂ ದಾರಿಗಳಿರುವವರ ಪರಿಚಯದಲ್ಲಿ ಯಾವುದನ್ನು ಮೊದಲು ಬರೆಯಬೇಕೆಂಬ ಸಂದೇಹ ಬಂದರೆ, ಈ ನಾಟಕದ ಪಾತ್ರಕ್ಕೆ ಯಾವುದು ಹತ್ತಿರವೋ ಅದನ್ನು ಮೊದಲು ಬರೆಯಬಹುದು.

ಊರು ಮತ್ತು ಮನೆಮಾತು

ಕನ್ನಡದಲ್ಲಿ ನಗು ಬಹುಪಾಲು ಭಾಷೆಯ ಒಳಗೇ ಹುಟ್ಟುತ್ತದೆ. 'ಹೌದ್ರೀ' ಎನ್ನುವುದಕ್ಕೂ 'ಹೌದು ಮಾರಾಯ್ರೆ' ಎನ್ನುವುದಕ್ಕೂ ನಡುವೆ ಘಟ್ಟವೇ ಇದೆ. ಧಾರವಾಡದ ಮಾತು, ಕುಂದಾಪುರದ ಮಾತು, ಮೈಸೂರಿನ ಮಾತು, ಕಲಬುರಗಿಯ ಮಾತು, ಚಾಮರಾಜನಗರದ ಮಾತು ಇವುಗಳಲ್ಲಿ ಯಾವುದನ್ನು ನಟರು ಮನೆಯಿಂದ ತಂದಿದ್ದಾರೆ, ಯಾವುದನ್ನು ತಾಲೀಮಿನಲ್ಲಿ ಕಲಿತಿದ್ದಾರೆ ಎಂಬುದು ಪ್ರೇಕ್ಷಕರಿಗೆ ನಿಜವಾಗಿಯೂ ಕುತೂಹಲದ ವಿಷಯ. ಕೋಲಾರದ ಕಡೆಯವರೊಬ್ಬರು ಹುಬ್ಬಳ್ಳಿಯ ಗಂಡುಮಾತನ್ನು ಆಡುತ್ತಿದ್ದರೆ, ಅದನ್ನು ತಿದ್ದಿಕೊಟ್ಟವರು ತಂಡದಲ್ಲಿ ಯಾರು ಎಂಬುದನ್ನು ಅದೇ ಪರಿಚಯದಲ್ಲಿ ಹೇಳಬಹುದು. ತಿದ್ದಿದವರಿಗೂ ಅದು ಸಲ್ಲಬೇಕಾದ ಗೌರವ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು, ಮರಾಠಿ, ಹವ್ಯಕ ಕನ್ನಡ ಆಡುವ ಎಷ್ಟೋ ಮಂದಿ ನಮ್ಮ ರಂಗದ ಮೇಲಿದ್ದಾರೆ. ಅವರು ಒಪ್ಪಿದರೆ ಅದನ್ನೂ ಬರೆಯಬಹುದು, ಏಕೆಂದರೆ ಎರಡು ಭಾಷೆಗಳ ನಡುವೆ ಬೆಳೆದ ಕಿವಿಗೆ ಮಾತಿನ ಸೊಟ್ಟತನ ಬೇಗ ಹಿಡಿಯುತ್ತದೆ.

ಎಚ್ಚರಿಕೆಯ ಮಾತೊಂದು ಇಲ್ಲಿ ಬೇಕು. ಊರನ್ನು ಬರೆಯುವುದೆಂದರೆ ಜಾತಿಯನ್ನು ಸೂಚಿಸುವುದಾಗಬಾರದು. ಮನೆತನದ ಹೆಸರು, ಮಠದ ಸಂಬಂಧ ಇವುಗಳಿಗೆ ಪರಿಚಯದಲ್ಲಿ ಕೆಲಸವಿಲ್ಲ. ಒಂದು ಪ್ರದೇಶದ ಮಾತೇ ನಗೆಪಾಟಲು ಎಂಬ ಧ್ವನಿಯೂ ಬರಬಾರದು. 'ತಮ್ಮ ಉತ್ತರ ಕರ್ನಾಟಕದ ಭಾಷೆಯಿಂದಲೇ ನಕ್ಕು ನಗಿಸುವ' ಎಂಬ ವಾಕ್ಯವನ್ನು ನಾನು ಎಷ್ಟೋ ಕರಪತ್ರಗಳಲ್ಲಿ ಓದಿದ್ದೇನೆ. ಧಾರವಾಡದವರಿಗೆ ಅದು ದಿನನಿತ್ಯದ ಭಾಷೆ, ನಗಿಸುತ್ತಿರುವುದು ನಟ. ನಟರ ಗಾತ್ರ, ಎತ್ತರ, ಬಣ್ಣ, ಬೋಳುತಲೆಗಳ ಬಗ್ಗೆ ಪರಿಚಯದಲ್ಲಿ ಚಟಾಕಿ ಹಾರಿಸುವುದು ಇದೇ ಜಾತಿಯ ತಪ್ಪು. ವೇದಿಕೆಯ ಮೇಲೆ ಅವರೇ ತಮ್ಮ ಮೈಯನ್ನು ಹಾಸ್ಯಕ್ಕೆ ಒಡ್ಡಿಕೊಂಡರೆ ಅದು ಅವರ ಹಕ್ಕು, ಬರೆಯುವವರ ಹಕ್ಕಲ್ಲ.

ಬರವಣಿಗೆ

ಒಬ್ಬರಿಗೆ ಐವತ್ತರಿಂದ ಅರವತ್ತು ಪದಗಳು ಸಾಕು. ಎಂಟು ನಟರಿಗೆ ಅದು ಸುಮಾರು ಐನೂರು ಪದಗಳಾಗುತ್ತದೆ. ಮಂದ ಬೆಳಕಿನಲ್ಲಿ ಓದುವಷ್ಟು ದಪ್ಪ ಅಕ್ಷರದಲ್ಲಿ ಮಡಿಸಿದ ಹಾಳೆಯ ಎರಡು ಮುಖಗಳನ್ನು ತುಂಬುತ್ತದೆ. ಮುಖ್ಯ ಪಾತ್ರದವರಿಗೆ ನೂರಿಪ್ಪತ್ತು, ಕಾನ್‌ಸ್ಟೇಬಲ್ಲನಿಗೆ ಹದಿನೈದು ಎಂದು ಅಳೆದು ಕೊಡುವುದು ರೂಢಿಯಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ಮೂರೇ ಮಾತಾಡಿ ಸಭೆಯನ್ನು ಉರುಳಾಡಿಸುವ ಪಾತ್ರ ಪ್ರತಿ ನಗೆನಾಟಕದಲ್ಲೂ ಒಂದಿರುತ್ತದೆ, ಮತ್ತು ಅದನ್ನು ಮಾಡುವವರು ಸಾಮಾನ್ಯವಾಗಿ ತಂಡದ ಅತಿ ಅನುಭವಿಗಳು.

ಮೊದಲ ವಾಕ್ಯದಲ್ಲಿ ಪಾತ್ರ ಬರಬೇಕು, ಎರಡನೆಯದರಲ್ಲಿ ಆ ಪಾತ್ರಕ್ಕೆ ಹೊಂದುವ ಹಿನ್ನೆಲೆ, ಆಮೇಲೆ ರಂಗದ ದಾರಿ. ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಸಾಮಾನ್ಯವಾಗಿ ಅಚ್ಚಾಗುವುದು ಹೀಗೆ: 'ಬಾಲ್ಯದಿಂದಲೇ ರಂಗಭೂಮಿಯ ಬಗ್ಗೆ ಅಪಾರ ಒಲವು ಹೊಂದಿದ್ದ ಇವರು ಬಹುಮುಖ ಪ್ರತಿಭೆ. ನೂರಾರು ನಾಟಕಗಳಲ್ಲಿ ಅಭಿನಯಿಸಿ ಜನಮನ ಗೆದ್ದಿರುವ ಇವರು ಹಲವು ಪ್ರಶಸ್ತಿಗಳಿಗೆ ಭಾಜನರಾಗಿದ್ದಾರೆ.' ಈ ವಾಕ್ಯಗಳನ್ನು ತಂಡದ ಯಾರ ಹೆಸರಿನ ಕೆಳಗೆ ಬೇಕಾದರೂ ಹಾಕಬಹುದು. ಅಷ್ಟೇ ಅವುಗಳ ದೋಷ. ಅದೇ ನಟರನ್ನು ಕಾಲು ಗಂಟೆ ಮಾತನಾಡಿಸಿದ್ದರೆ ಹೀಗೆ ಬರೆಯಬಹುದಿತ್ತು: 'ಸಾಲ ವಸೂಲಿಗೆ ಬರುವ ಗುಮಾಸ್ತನ ಪಾತ್ರ. ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ 22 ವರ್ಷ ಕೆಲಸ ಮಾಡಿ, ಕಂತು ಕಟ್ಟಲಾಗದವರು ಹೇಳುವ ನೆಪಗಳನ್ನೆಲ್ಲ ಕೇಳಿದವರು. ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಡುಗನಾಗಿದ್ದಾಗ ಸಣ್ಣಾಟದಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದರು. ಈ ತಂಡದೊಂದಿಗೆ ಇದು ಆರನೆಯ ನಾಟಕ.' ಇಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೆ ಗುಮಾಸ್ತ ರಂಗಕ್ಕೆ ಬಂದ ಕ್ಷಣ ಓದಿದವರು ಪಕ್ಕದವರನ್ನು ಮೊಣಕೈಯಿಂದ ತಿವಿಯುತ್ತಾರೆ.

ಪರಿಚಯದಲ್ಲಿ ನಗಿಸಲು ಹೋಗಬಾರದು. ನಗೆನಾಟಕದ ಕರಪತ್ರವೆಂದು ಬರೆಯುವವರಿಗೂ ಹುರುಪು ಬರುವುದು ಸಹಜ. 'ಹೊಟ್ಟೆ ಹುಣ್ಣಾದರೆ ತಂಡ ಜವಾಬ್ದಾರಿಯಲ್ಲ' ಎಂಬ ಧಾಟಿಯ ಸಾಲುಗಳು ಹಾಗೆ ಹುಟ್ಟಿದಂಥವು. ನಗುವ ಭರವಸೆಯನ್ನು ಮೊದಲೇ ಕೊಟ್ಟರೆ ಪ್ರೇಕ್ಷಕರು ತೋಳು ಕಟ್ಟಿಕೊಂಡು ಕುಳಿತುಬಿಡುತ್ತಾರೆ. ಅದಕ್ಕಿಂತಲೂ ದೊಡ್ಡ ಅನಾಹುತವೆಂದರೆ ಗುಟ್ಟು ಒಡೆಯುವುದು. ನಾಟಕದ ಮೂರನೆಯ ದೃಶ್ಯದಲ್ಲಿ ಬರುವ ಸೋದರತ್ತೆ ನಿಜವಾಗಿ ವೇಷ ಮರೆಸಿಕೊಂಡ ಬಾಡಿಗೆದಾರನಾಗಿದ್ದರೆ, 'ಬಾಡಿಗೆದಾರ ಮತ್ತು ಸೋದರತ್ತೆ' ಎಂದು ಒಬ್ಬರೇ ನಟರ ಎದುರು ಅಚ್ಚು ಹಾಕುವುದೆಂದರೆ ನಾಟಕಕಾರರ ಎರಡು ದೃಶ್ಯಗಳ ಶ್ರಮವನ್ನು ನೀರಿಗೆ ಹಾಕಿದಂತೆ. ಪರಿಚಯವನ್ನು ಅಚ್ಚಿಗೆ ಕಳಿಸುವ ಮೊದಲು ಈ ಒಂದು ವಿಷಯಕ್ಕಾಗಿಯಾದರೂ ನಿರ್ದೇಶಕರಿಗೆ ತೋರಿಸಬೇಕು.

ಗೌರವವಾಚಕಗಳಲ್ಲಿ ಎಲ್ಲರಿಗೂ ಒಂದೇ ನಿಯಮವಿರಲಿ. ಹಿರಿಯರಿಗೆ 'ಶ್ರೀಯುತ', ಹುಡುಗರಿಗೆ ಬರಿಯ ಹೆಸರು, ಮಹಿಳೆಯರಿಗೆ ಮಾತ್ರ 'ಶ್ರೀಮತಿ', 'ಕುಮಾರಿ' ಎಂದು ಬರೆದು ಮದುವೆಯ ಸುದ್ದಿ ಹೇಳುವುದು ಸಲ್ಲದು. ಹೆಸರಿನ ಮುಂದೆ ಏನನ್ನೂ ಹಾಕದೆ, ಕ್ರಿಯಾಪದವನ್ನು ಎಲ್ಲರಿಗೂ ಬಹುವಚನದಲ್ಲಿ ಇಟ್ಟರೆ ಮರ್ಯಾದೆ ತಾನಾಗಿ ಉಳಿಯುತ್ತದೆ. ಹೆಸರುಗಳ ಸರದಿಯ ಬಗ್ಗೆ ಮನಸ್ತಾಪಗಳು ಹುಟ್ಟುವುದುಂಟು. ರಂಗಪ್ರವೇಶದ ಕ್ರಮದಲ್ಲಿ ಹಾಕಿ, ಹಾಗೆಂದು ಮೇಲೆ ಒಂದು ಸಾಲು ಬರೆದುಬಿಟ್ಟರೆ ಯಾರೂ ದೂರುವಂತಿಲ್ಲ.

ತಾಳೆ ನೋಡುವುದು

ನಟರು ಹೇಳಿದ್ದೆಲ್ಲವನ್ನೂ ಸಂದೇಹದಿಂದ ನೋಡಬೇಕೆಂದು ನಾನು ಹೇಳುವುದಿಲ್ಲ, ಆದರೆ ನೆನಪು ಉದಾರವಾಗಿರುತ್ತದೆ. 'ಮುನ್ನೂರು ನಾಟಕ ಮಾಡಿದ್ದೇನೆ' ಎಂದವರನ್ನು ನಾಟಕವೋ ಪ್ರಯೋಗವೋ ಎಂದು ಕೇಳಬೇಕು. ಹತ್ತು ನಾಟಕಗಳ ಮುನ್ನೂರು ಪ್ರಯೋಗ ಎಂಬುದು ಯಾವ ರೀತಿಯಲ್ಲೂ ಚಿಕ್ಕದಲ್ಲ. ಹಾಸ್ಯ ನಟರಿಗಂತೂ ಒಂದೇ ಮಾತನ್ನು ಮೂವತ್ತು ಊರುಗಳಲ್ಲಿ ಹೇಳಿ ನೋಡಿದ ಅನುಭವ ಮೂವತ್ತು ಹೊಸ ಪಾತ್ರಗಳಿಗಿಂತ ದೊಡ್ಡದು. ಪ್ರಶಸ್ತಿಗಳಲ್ಲಿ ಕೊಟ್ಟವರು ಯಾರೆಂಬುದು ಸ್ಪಷ್ಟವಾಗಿರಬೇಕು: ಕರ್ನಾಟಕ ನಾಟಕ ಅಕಾಡೆಮಿಯೂ ಕೇಂದ್ರದ ಸಂಗೀತ ನಾಟಕ ಅಕಾಡೆಮಿಯೂ ಬೇರೆ ಬೇರೆ, ಬರಿಯ 'ಅಕಾಡೆಮಿ ಪ್ರಶಸ್ತಿ' ಎಂದರೆ ಓದುಗರಿಗೆ ಯಾವುದೂ ತಿಳಿಯುವುದಿಲ್ಲ. ಅಂತರಕಾಲೇಜು ಸ್ಪರ್ಧೆಯ ಬಹುಮಾನವನ್ನು ಹಾಗೆಂದೇ ಬರೆಯಬೇಕು. ನಾಟಕದ ಹೆಸರಿನ ಜೊತೆ ಮಾಡಿದ ಪಾತ್ರವನ್ನೂ ಸೇರಿಸಿದರೆ ಅರ್ಧ ಉತ್ಪ್ರೇಕ್ಷೆ ತಾನಾಗಿ ಇಳಿದುಹೋಗುತ್ತದೆ.

ಕೊನೆಗೆ ಪ್ರತಿಯೊಬ್ಬರ ಪರಿಚಯವನ್ನೂ ಅವರಿಗೇ ಓದಿ ಹೇಳಬೇಕು, ಮೊಬೈಲಿನಲ್ಲಿ ಕಳಿಸಿ ಸುಮ್ಮನಾಗಬಾರದು. ಓದುವಾಗ ಅವರ ಮುಖ ನೋಡಿದರೆ ಯಾವ ಸಂಗತಿ ಬೇಡವಾಗಿತ್ತೆಂದು ತಿಳಿಯುತ್ತದೆ. ಬಾಯಿ ಬಿಟ್ಟು ಹೇಳುವವರು ಕಡಿಮೆ. ಹೆಸರಿನ ಕಾಗುಣಿತವನ್ನು ಅವರ ಕೈಯಿಂದಲೇ ಬರೆಸಿಕೊಳ್ಳುವುದು ಒಳ್ಳೆಯದು, ಇನಿಷಿಯಲ್ಲುಗಳ ಸಹಿತ.

ಪ್ರದರ್ಶನದ ನಂತರದ ಪರಿಚಯ

ನಮ್ಮಲ್ಲಿ ನಾಟಕ ಮುಗಿದ ಮೇಲೆ ಎಲ್ಲರನ್ನೂ ವೇದಿಕೆಗೆ ಕರೆದು ಬಾಯಿಮಾತಿನಲ್ಲಿ ಪರಿಚಯಿಸುವ ಪದ್ಧತಿಯಿದೆ. ಅಚ್ಚಾದದ್ದನ್ನು ಅಲ್ಲಿ ಮತ್ತೆ ಓದಬೇಕಾಗಿಲ್ಲ. ಜನ ಎದ್ದು ನಿಂತಿರುತ್ತಾರೆ, ದೂರದವರಿಗೆ ಕೊನೆಯ ಬಸ್ಸಿನ ಚಿಂತೆ. ಒಬ್ಬೊಬ್ಬರಿಗೆ ಹೆಸರು, ಪಾತ್ರ, ಮತ್ತು ಕರಪತ್ರದಲ್ಲಿ ಹೇಳದೆ ಉಳಿಸಿಕೊಂಡ ಒಂದೇ ಒಂದು ಸಂಗತಿ ಇದ್ದರೆ ಸಾಕು. ವೇಷ ಮರೆಸಿಕೊಂಡ ಸೋದರತ್ತೆಯ ಗುಟ್ಟನ್ನು ಹೇಳುವುದಕ್ಕೂ ಇದೇ ಸಮಯ. ಎಂಟು ಜನರಿಗೆ ಮೂರು ನಿಮಿಷ ದಾಟಬಾರದು. ಚಿಕ್ಕ ಪಾತ್ರದವರಿಂದ ಆರಂಭಿಸಬೇಕು, ಬೆಳಕು, ಪ್ರಸಾಧನ, ಸಂಗೀತದವರನ್ನು ನಟರ ನಡುವೆಯೇ ಕರೆಯಬೇಕು. ಕೊನೆಗೆ ಉಳಿಸಿದರೆ ಆಗ ಸಭಾಂಗಣದಲ್ಲಿ ಇರುವುದು ಅವರ ಮನೆಯವರು ಮಾತ್ರ. ಹೆಸರು ಹೇಳುವವರು ಕಾಗದ ನೋಡಿಕೊಂಡೇ ಹೇಳಲಿ, ಏಕೆಂದರೆ ತಿಂಗಳುಗಟ್ಟಲೆ ಜೊತೆಯಲ್ಲೇ ತಾಲೀಮು ಮಾಡಿದವರ ಹೆಸರು ಮೈಕಿನ ಮುಂದೆ ಮರೆತುಹೋಗುವುದು ನಿರ್ದೇಶಕರಿಗೆ ಹೊಸದೇನಲ್ಲ.